ಪ್ರಯಾಣದ ಉದ್ದೇಶ

ದೊಡ್ಡ ಚೀಟಿ ಈ ಸಲ ನನ್ನ ಹೆಸರಿಗೇ ಬಂತು.
ಬಂಗಾರ ಮಾಡಿಸು ಅಂದರು ಎಲ್ಲರೂ.
ಖಾಜಾಬಿ ಮಾತ್ರ ಓವರ್‌ಲಾಕ್ ಮಷೀನಿನಿಂದ ಕತ್ತೆತ್ತಿ
"ನಂದೂ ಸ್ವಲ್ಪ ಐತೆ. ಹೋಗಿ ಬರೋಣೇನೇ ಹೊನ್ನೂರಿ?" ಅಂದಳು,
ಹೊಸಪೇಟೆಗೆ ಹೋಗಿ ಬರೋಣೇನೇ ಅನ್ನುವ ಹಾಗೆ.
ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಮೂರು ವರ್ಷದ ಹಿಂದಿನ ಮೇ ತಿಂಗಳು.
ಕೌಲ್ ಬಜಾರಿನ ತಗಡಿನ ಕೆಳಗೆ ನಲವತ್ಮೂರು ಡಿಗ್ರಿ.
ಒಳಗೆಲ್ಲ ಉಣ್ಣೆಯಂಥ ಅಸ್ತರು ಕೊಟ್ಟ ಜೀನ್ಸು,
ಎರಡು ಸಾವಿರದ ನಾನೂರು ಪೀಸು, ಫಿನ್ಲೆಂಡಿನ ಆರ್ಡರು.
ತೊಡೆ ಮೇಲೆ ಹರವಿಕೊಂಡರೆ
ಜೀವಂತ ಕುರಿಮರಿ ಮಲಗಿಸಿಕೊಂಡ ಹಾಗೆ.
"ಯಾವ ಪುಣ್ಯಾತ್ಮ ಹಾಕ್ಕೊಂತಾನೋ ಇದನ್ನ!"
ದಿನಕ್ಕೆ ಹತ್ತು ಸಲ ಬೈದೆವು.
ಬೈದು ಬೈದೇ ಆ ಕಾಲುಗಳ ಪರಿಚಯವಾಯಿತು:
ಸೊಂಟ ಮೂವತ್ತಾರು, ಉದ್ದ ಮೂವತ್ನಾಲ್ಕು,
ನಮ್ಮ ಓಣಿಯ ಬಾಗಿಲುಗಳಿಗೆ ಬಗ್ಗಿಯೇ ಬರಬೇಕಾದವರು.

ಒಂದು ರಾತ್ರಿ ದಾರ ಮುಗಿಯಿತು.
ಯಾರದೋ ರವಿಕೆಗೆ ತಂದು ಉಳಿದಿದ್ದ ಗಿಳಿಹಸಿರು ದಾರದಲ್ಲಿ
ಮುಂದಿನ ಜೇಬಿನ ಒಳಮೂಲೆಗೆ
ಮೂರು ಹೊಲಿಗೆ, ಒಂದು ಗಂಟು.
ಹಾಗೆ ನೂರಾ ಇಪ್ಪತ್ತು ಪ್ಯಾಂಟು.
ಚೆಕಿಂಗಿನ ಎರ್ರಿಸ್ವಾಮಿಗೆ ಕಾಣಲಿಲ್ಲ,
ಕಂಡಿದ್ದರೆ ವಾರದ ಕೂಲಿ ಹೋಗುತ್ತಿತ್ತು.

ಟ್ರಾವೆಲ್ಸಿನ ಹುಡುಗ ಜೂನಿನಲ್ಲಿ ಹೋಗಿ ಅಂದ,
ಹಗಲು ಮುಗಿಯುವುದೇ ಇಲ್ಲವಂತೆ.
"ಹಗಲು ನಮ್ಮಲ್ಲೇ ಬೇಕಾದಷ್ಟೈತೆ" ಅಂದಳು ಖಾಜಾಬಿ.
ಡಿಸೆಂಬರು? ಹಿಮ, ದೀಪ, ಎರಡರಷ್ಟು ರೇಟು.
"ನವೆಂಬರು ಮಾತ್ರ ಬ್ಯಾಡ್ರೀ ಅಕ್ಕಾ,
ಎಲೆ ಉದುರಿ ಹೋಗಿರ್ತಾವೆ, ಹಿಮ ಇನ್ನೂ ಬಂದಿರಲ್ಲ,
ಮೂರೂವರೆಗೇ ಕತ್ತಲೆ,
ನೋಡೋಕೆ ಏನೂ ಇರಲ್ಲ."
ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಮಡಚಿಟ್ಟ ಪ್ಯಾಂಟು ಬೀರುವಿನಿಂದ ಹೊರಗೆ ಬರುವ ತಿಂಗಳು
ಅದೇ ಅಲ್ಲವೇ?

ಚಳಿ ಅಂದರೆ ನಮಗೆ ಗೊತ್ತಿರುವುದು
ಸಂಕ್ರಾಂತಿ ಬೆಳಗಿನ ಮೊದಲ ಚೊಂಬು ನೀರು.
ಅದಕ್ಕೇ ಸಿರುಗುಪ್ಪ ರಸ್ತೆಯ ಕೋಲ್ಡ್ ಸ್ಟೋರೇಜಿಗೆ ಹೋದೆವು,
ಉಳಿಕೆ ಅಸ್ತರಿನಲ್ಲಿ ಹೊಲಿದುಕೊಂಡ ಕೋಟು ಹಾಕಿಕೊಂಡು,
ಆಟೋದವನು "ಜ್ವರ ಏನ್ರೀ?" ಅಂತ ಕೇಳುವಷ್ಟು ಬಿಸಿಲಲ್ಲಿ.
ಅಲ್ಲಿ ವಾಚ್‌ಮನ್ನು ಖಾಜಾಬಿಯ ತಮ್ಮ.
"ಹತ್ತೇ ನಿಮಿಷ" ಅಂತ ಬಾಗಿಲು ಎಳೆದ.

ಮಾಳಿಗೆಯೆತ್ತರ ಮೆಣಸಿನಕಾಯಿ ಚೀಲ. ಐದು ಡಿಗ್ರಿ.
ಚಳಿ ಮೊದಲು ಕಿವಿಗೆ ಬಂತು, ಆಮೇಲೆ ಬಳೆಗೆ.
ಮೈಮೇಲಿನ ಬಳೆ ತಣ್ಣಗಾಗಬಲ್ಲದು ಅಂತ
ನಲವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.
ಘಾಟಿಗೆ ಸೀನು, ಸೀನಿಗೆ ನಗು,
ನಗುವಿನ ಜೊತೆ ಬಾಯಿಂದ ಬೆಳ್ಳಗೆ ಹೊಗೆ,
"ನೋಡೇ, ಬೀಡಿ ಇಲ್ಲದೇ!"

ಮೂರು ಸಲ ಒಗೆದೆ. ಕೋಟಿನ ಘಾಟು ಹೋಗಿಲ್ಲ.
ಇರಲಿ. ಅಲ್ಲಿಯ ಜನಕ್ಕೂ ಸೀನು ಬಂದೀತು.

ಒಳಗಿನ ಹೊಲಿಗೆ ಹೊರಗೆ ಕಾಣುವುದಿಲ್ಲ, ನನಗೂ ಗೊತ್ತು.
ಯಾರ ಜೇಬಿಗೆ ಕೈ ಹಾಕಿ ನೋಡಲಾದೀತು?
ಆದರೆ ಮಬ್ಬಿನಲ್ಲಿ ಬಸ್ಸು ಕಾಯುತ್ತ ನಿಂತ ಒಬ್ಬ
ಚಳಿಗೆ ತಾನೇ ಕೈ ಒಳಗಿಟ್ಟುಕೊಂಡಾನು,
ಬೆರಳು ಮೂಲೆಗೆ ಇಳಿದೀತು,
ಒಂದು ಗಂಟು ತಾಗೀತು.
ಏನಿದು ಅಂತ ಅವನ ಹುಬ್ಬು ಏಳುವುದನ್ನು
ರಸ್ತೆಯ ಈಚೆಯಿಂದ ನೋಡಿದರೆ ಸಾಕು.

ಈಗ ವೀಸಾದ ಫಾರ್ಮು ಮುಂದಿದೆ.
ಖಾಜಾಬಿಯ ಮಗಳು ರುಕ್ಸಾರ್ ಓದಿ ಹೇಳುತ್ತಾಳೆ.
ಪ್ರಯಾಣದ ಉದ್ದೇಶ?
ಪ್ರವಾಸ, ವ್ಯಾಪಾರ, ಬಂಧುಗಳ ಭೇಟಿ, ಇತರೆ.
"ಬಂಧುಗಳು ಅಂತ ಹಾಕು."
"ಅಮ್ಮೀ, ಹೆಸರು ಕೇಳ್ತಾರೆ, ಅಡ್ರೆಸ್ ಕೇಳ್ತಾರೆ."
"ಸೊಂಟ ಮೂವತ್ತಾರು, ಉದ್ದ ಮೂವತ್ನಾಲ್ಕು ಅಂತ ಬರಿ."

ಹುಡುಗಿ ಪೆನ್ನು ಕಚ್ಚಿಕೊಂಡು ಕೂತಿದ್ದಾಳೆ.
'ಇತರೆ'ಯ ಮುಂದೆ
ಬೆರಳುದ್ದ ಜಾಗ ಬಿಟ್ಟಿದ್ದಾರೆ.