ಇಪ್ಪತ್ತು ಮುಖದ ದಾಳ

ರೂವಿಯ ಮೂರನೇ ಮಹಡಿ, ಗುರುವಾರ ರಾತ್ರಿ.
ಮಡಚಿದ ಟವೆಲಿನ ಮೇಲೆ ದಾಳ ಉರುಳಿಸುತ್ತೇವೆ,
ಸದ್ದಾದರೆ ಹರಿಣಾಕ್ಷ ಏಳುತ್ತಾನೆ;
ನಾಲ್ಕಕ್ಕೆ ಅವನ ಪಾಳಿ.

ಕತೆ ನಡೆಸುವ ಕ್ರಾಸ್ತಾ ಪಿಸುಗುಟ್ಟಿದ:
"ಸಮುರಾಯ್, ನಿನ್ನ ಒಡೆಯನ ಅಪ್ಪಣೆಯಾಗಿದೆ.
ಬೆಳಗಾಗುವುದರೊಳಗೆ ಗೆಳೆಯನ ತಲೆ ಬೇಕಂತೆ."

ಗೆಳೆಯ ಅಂದರೆ ಎದುರು ಕೂತ ಮಯ್ಯದ್ದಿ,
ಖುಬೂಸ್ ಹರಿದು ದಾಲ್‌ಗೆ ಅದ್ದುತ್ತಿದ್ದವನು.

ನಮ್ಮೂರ ಶಾಲೆಯೆದುರು ಒಂದು ವೀರಗಲ್ಲಿತ್ತು,
ಜೋಳದ ಋಣಕ್ಕೆ ಸತ್ತವನದು.
ಮೇಷ್ಟ್ರು ಅದಕ್ಕೆ ಸೈಕಲ್ ಒರಗಿಸುತ್ತಿದ್ದರು.
ಅವನು ಕೊಂದವರ ಹೆಸರು ಕಲ್ಲಲ್ಲಿರಲಿಲ್ಲ.

ನನ್ನ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿದೆ.
ಕತ್ತಿ ಮಾತ್ರ ನನ್ನದು,
ಅದೂ ಕಾಗದದ ಮೇಲೆ, ಪೆನ್ಸಿಲಿನಲ್ಲಿ.

ಎಸೆದೆ. ದಾಳ ಟವೆಲ್ ದಾಟಿ
ಹರಿಣಾಕ್ಷನ ಮಂಚದಡಿ ಹೋಯಿತು.

ಮೊಬೈಲಿನ ಬೆಳಕು ಯಾರೂ ಹಾಕಲಿಲ್ಲ.
ಕ್ರಾಸ್ತಾ ಬೇರೆ ದಾಳ ಕೊಡಲಿಲ್ಲ.
ಮಯ್ಯದ್ದಿ ಖುಬೂಸಿನ ದೊಡ್ಡ ಚೂರು ನನ್ನತ್ತ ದೂಡಿದ:
"ಇರಲಿ ಮಾರಾಯ, ನಾಲ್ಕರವರೆಗೆ ಬದುಕಿರ್ತೇನೆ."

ಎಸಿ ಗುರುಗುಟ್ಟುತ್ತಿತ್ತು.
ಕತ್ತಿ ಅರ್ಧ ಹಿರಿದು ನಾನು ಹಾಗೇ ಕೂತಿದ್ದೆ.

ಅಲಾರಂ ಹೊಡೆಯಿತು.
ಕತ್ತಲಲ್ಲಿ ಚಪ್ಪಲಿ ತಡಕುತ್ತ ಹರಿಣಾಕ್ಷ
ಕಾಲಿಗೆ ಚುಚ್ಚಿದ್ದನ್ನು ಎತ್ತಿ
ನೋಡದೆಯೇ ನನ್ನ ಅಂಗೈಗೆ ಹಾಕಿದ:
"ಯಾರದ್ದಿದು?"