ಮೂರನೆಯ ದನಿ

ಕುತೈಸಿಯಲ್ಲಿ, ರಿಯೋನಿ ಹೊಳೆಯ ಈಚೆ ದಂಡೆ,
ಲಿಫ್ಟು ಕೆಟ್ಟು ನಾಲ್ಕು ವರ್ಷವಾದ ಕಟ್ಟಡದ ಮೂರನೇ ಮಹಡಿ.
ಮಕ್ವಾಲಾಳ ಅಡಿಗೆಮನೆ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು,
ಒಡೆದ ಅಕ್ರೋಟಿನ ಬಟ್ಟಲು,
ಮತ್ತೆ ನನ್ನ ಕೂಲಿ: ಒಂದು ಬಾಟಲಿ ಹುಳಿ ಪ್ಲಮ್ಮಿನ ಗೊಜ್ಜು. ಮುಂಗಡ.

ಇಲ್ಲಿ ಹಾಡಿಗೆ ಮೂರು ದನಿ ಬೇಕು.
ಮೇಲಿನದು ತ್ಸಿಯಾಲಾಳದು. ಅವಳೀಗ ಥೆಸಲೋನಿಕಿಯಲ್ಲಿ
ಯಾರದೋ ತಾಯಿಗೆ ಉಣಿಸಿ, ಮೈ ಒರೆಸಿ, ಮಲಗಿಸುವ ಹೊತ್ತಿಗೆ
ಅಲ್ಲಿ ಹತ್ತು, ಇಲ್ಲಿ ಹನ್ನೊಂದು.
ನಡುವಿನದು, ಕಥೆ ಹೇಳುವ ದನಿ, ಮಕ್ವಾಲಾಳದು.
ತಳದ್ದಕ್ಕೆ ಬಾನಿ ಅನ್ನುತ್ತಾರೆ.
ಹೆಸರಿಗೆ ತಕ್ಕ ಹಾಗೆ ಅಗಲ ಬಾಯಿಯ ಪಾತ್ರೆ,
ಸುರಿದದ್ದನ್ನೆಲ್ಲ ಹಿಡಿದುಕೊಂಡು ಕೂತಿರುವುದೇ ಕೆಲಸ.
ಅದಕ್ಕೆ ಮಾತಿಲ್ಲ, ಕಥೆಯಿಲ್ಲ.
ಎತ್ತರಕ್ಕೆ ಹೋದವರು ಇಳಿದಾಗ
ಕಾಲೂರಲು ನೆಲ ಇದ್ದರೆ ಸಾಕು.

ಆ ಬಾನಿ ಝೂಝುನಾಳದು.
ಝೂಝುನಾ ಮೇಲಿನ ಮನೆಯಲ್ಲೇ ಇದ್ದಾಳೆ, ಗುಂಡುಕಲ್ಲಿನ ಹಾಗೆ.
ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ ಜಗಳವಾಗಿ
ಹನ್ನೊಂದು ತಿಂಗಳಿಂದ ಮಾತಿಲ್ಲ.
‘ಅವಳನ್ನ ಕಂಪ್ಯೂಟರಿನಲ್ಲಿ ಮಾಡಿಕೊಡು’ ಅಂದಳು ಮಕ್ವಾಲಾ,
ಚಾಕು ಮಸೆದು ಕೊಡು ಅಂದಷ್ಟು ಸಲೀಸಾಗಿ.

ಮಾಡಿದೆ. ಸೆಕೆಂಡಿಗೆ ನೂರ ಅರವತ್ತೈದು ಕಂಪನ,
ಅದರ ಬೆನ್ನಿಗೆ ಎರಡು ಮೂರು ಉಪಸ್ವರ,
ಗಂಟಲಿನ ಕರಕರ ಇರಲೆಂದು ಚಿಟಿಕೆ ಮರಳು.
ಈಗ ಕರೆಯೊಳಕ್ಕೆ ದಾಟಿಸಬೇಕು.
ಸ್ಪೀಕರಿನಿಂದ ಹೊರಬಂದು ಮೈಕಿಗೆ ಬಿದ್ದರೆ ಅದು ಎಂಜಲು ಸದ್ದು;
ಒಳಗಿಂದ ಒಳಗೇ ಹೋಗಬೇಕು.
ಅದಕ್ಕೊಂದು ತಂತಿಯಿದೆ, ಮೊಲದ ಕೊಂಬಿನಂಥದು:
ತಾಮ್ರವಿಲ್ಲ, ರಬ್ಬರಿಲ್ಲ, ತುದಿಗಳೆರಡೇ.
ಒಂದಕ್ಕೆ ಸ್ಪೀಕರೆಂದು ಹೆಸರು, ಇನ್ನೊಂದಕ್ಕೆ ಮೈಕೆಂದು.
ಕಂಪ್ಯೂಟರು ತನಗೆ ತಾನೇ ಸುಳ್ಳು ಹೇಳಿ
ತಾನೇ ನಂಬುತ್ತದೆ.
ಮಕ್ವಾಲಾಳ ಮೈಕನ್ನೂ ಅದಕ್ಕೇ ಪೋಣಿಸಿದೆ.
‘ಎಲ್ಲಿ, ತೋರಿಸು ತಂತಿ.’
ತೋರಿಸಲು ಏನಿದೆ?
‘ಒಳ್ಳೇದಾಯ್ತು. ಇದರ ಮೇಲೆ ಯಾರೂ ಬಟ್ಟೆ ಹಾಕಲಾರರು.’

ಕರೆ ಸೇರಿತು. ತ್ಸಿಯಾಲಾಳ ಹಿಂದೆ ಪರರ ಗೋಡೆ, ಪರರ ಗಡಿಯಾರ.
ಮಕ್ವಾಲಾ ಶುರುಮಾಡಿದಳು.
ಬಾನಿ ಎರಡು ಸೆಕೆಂಡು ನಿಂತಿತು,
ಆಮೇಲೆ ಕಾದ ಕಾವಲಿಯ ಮೇಲಿನ ಹನಿ.
‘ನೀನೊಬ್ಬಳೇ ಕೇಳ್ತಿದ್ದೀಯ.’

ಕರೆಯ ಯಂತ್ರಕ್ಕೆ ಯಾರೋ ಬುದ್ಧಿ ಕಲಿಸಿದ್ದಾರೆ:
ಏರಿಳಿಯುವುದು ಮಾತು,
ಏರದೆ ಇಳಿಯದೆ ನಿಂತದ್ದು ಗದ್ದಲ,
ಫ್ಯಾನು, ಫ್ರಿಜ್ಜು, ದೂರದ ಲಾರಿ. ಗುಡಿಸಿ ಹಾಕು.
ಎಲ್ಲರ ಭಾರ ಹೊತ್ತು ಅಲ್ಲಾಡದೆ ನಿಂತದ್ದು
ಕಸದ ಜೊತೆ ಹೋಯಿತು.
ಇದನ್ನು ವಿವರಿಸಲು ಹೋಗಿ ಅರ್ಧಕ್ಕೆ ಬಿಟ್ಟೆ.
ಮಕ್ವಾಲಾ ಛಾವಣಿ ನೋಡುತ್ತಿದ್ದಳು.

ಪರೀಕ್ಷೆಗೆಂದು ಸ್ಪೀಕರಿನಲ್ಲೇ ಜೋರಾಗಿ ಬಿಟ್ಟೆ.
ಮೇಲಿಂದ ಪೊರಕೆಯ ಹಿಡಿ: ಧಡ್. ಧಡ್ ಧಡ್.
ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ.
ಹೊಸ್ತಿಲಾಚೆಯೇ ನಿಂತು, ನನ್ನೊಬ್ಬನಿಗೆ:
‘ಕೂದಲೆಳೆ ತಗ್ಗಿದೆ. ಮತ್ತೆ ಅದು ಉಸಿರೇ ತಗೊಳ್ಳೋದಿಲ್ಲವಲ್ಲ.
ಅದರ ಜೊತೆ ಹೇಗಪ್ಪಾ ಹಾಡ್ತಾರೆ?’
ಹೊರಟೇ ಹೋದಳು.

ಎರಡು ಕಂಪನ ಏರಿಸಿದೆ.
ಎಂಟು ಸೆಕೆಂಡಿಗೊಮ್ಮೆ ಕುಗ್ಗಿಸಿದೆ, ಉಸಿರಿನ ನೆಪಕ್ಕೆ.
ಗುಡಿಸುವ ಬುದ್ಧಿಯನ್ನು ಪೂರ್ತಿ ಆರಿಸಿದೆ. ಈಗ ಎಲ್ಲವೂ ಹೋಗುತ್ತದೆ:
ನಲ್ಲಿಯ ಹನಿ, ಅಂಗಳದ ನಾಯಿ, ಫ್ರಿಜ್ಜಿನ ಗೊರಕೆ.

ಮಕ್ವಾಲಾ ಹಾಡಿದಳು.
ತ್ಸಿಯಾಲಾಳ ದನಿ ಮುಕ್ಕಾಲು ಸೆಕೆಂಡು ತಡವಾಗಿ ಬಂದು ಎಲ್ಲ ಕಲಸುತ್ತಿತ್ತು;
ತನ್ನ ಮೈಕು ತಾನೇ ಮುಚ್ಚಿಕೊಂಡು
ಆ ಗೋಡೆಗೆ ಹಾಡಿಕೊಂಡಳು. ನಮಗೆ ಕಂಡದ್ದು ತುಟಿ, ಕತ್ತಿನ ನರ.
ಮುಗಿದ ಮೇಲೆ ಮೈಕು ತೆರೆದು:
‘ಎರಡು ಬಾನಿ ಯಾಕೆ ಹಾಕಿದೆ, ವಾಖೋ?
ಒಂದು ಸಮ ಇದೆ. ಇನ್ನೊಂದು ನಡುವೆ ಕೆಮ್ಮಿತು.’

ನಾನು ಹಾಕಿದ್ದು ಒಂದೇ.

‘ಒಂದನ್ನ ತೆಗಿ.’
ತಂತಿ ಬಿಚ್ಚಿದೆ.
ಮಕ್ವಾಲಾ ಮೇಲೆ ನೋಡಲಿಲ್ಲ.
ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತಳು,
ನಲ್ಲಿಗೆ ಬಟ್ಟೆ ಸುತ್ತಿದಳು,
ಮತ್ತೆ ಮೊದಲಿನಿಂದ ಎತ್ತಿಕೊಂಡಳು.