ಒಂದೂವರೆ ಗೋಡೆ

ಬೈತಖೋಲದ ನಮ್ಮ ಐಸ್ ಕಂಪನಿಯಲ್ಲಿ
ಐದು ತಿಂಗಳಿಂದ ಸಂಬಳವಿಲ್ಲದಾಗ
ಟೀವಿಯವರು ಬಂದರು.
ಮುಳುಗುತ್ತಿರುವ ಆಫೀಸೊಂದು ಬೇಕಂತೆ,
ನಗೆ ಧಾರಾವಾಹಿಗೆ.
ಅಂಕೋಲೆಯಿಂದ ಹುಡುಕುತ್ತ ಬಂದಿದ್ದರಂತೆ,
ಎಲ್ಲೂ ಇಷ್ಟು ಚೆನ್ನಾಗಿ ಮುಳುಗಿರಲಿಲ್ಲವಂತೆ.

ಕಿಂದಳಕರ ಸಾಹೇಬರು ಎದ್ದು ನಿಂತು ಕೈಮುಗಿದರು.
ಬ್ಯಾಂಕಿನವರಿಗೂ ಹಾಗೆ ಎದ್ದವರಲ್ಲ.
ದಿನಕ್ಕೆ ಎಂಟು ಸಾವಿರ ಬಾಡಿಗೆ, ಊಟ ಅವರದೇ.
ನಾವು ನಮ್ಮ ನಮ್ಮ ಕುರ್ಚಿಯಲ್ಲೇ
ಹಿಂದುಗಡೆ ಸುಮ್ಮನೆ ಕೂತರೆ
ತಲೆಗೆ ಮುನ್ನೂರು ಬೇರೆ.
‘ಇಷ್ಟು ವರ್ಷ ಪುಕ್ಕಟೆ ಕೂತೆವಲ್ಲ ಮಾರಾಯ್ರೆ’
ಅಂದ ರೋಹಿದಾಸ ಬಾನಾವಳಿ,
ಮತ್ತು ಮೊದಲ ಸಲ ಕೂದಲಿಗೆ ಕಪ್ಪು ಹಚ್ಚಿ ಬಂದ.

ಒಂದು ಗೋಡೆಗೆ ನೀಲಿ ಬಳಿದರು,
ಪಕ್ಕದ್ದಕ್ಕೆ ಅರ್ಧ.
ಕ್ಯಾಮೆರಾಕ್ಕೆ ಕಂಡಷ್ಟು ಸಾಕು.
ಕಡಲ ಗಾಳಿಗೆ ಬಣ್ಣ ಬೇಗ ಒಣಗದೆ
ಎರಡು ದಿನ ಎಲ್ಲರ ಮೊಣಕೈ ನೀಲಿ.

ನನ್ನ ಮೇಜಿಗೆ ಒಬ್ಬಳು ನಟಿ.
ಲೆಕ್ಕ ಬರೆಯುವವಳ ಪಾತ್ರ.
ನನ್ನದೇ ಲೆಡ್ಜರ್ ಎತ್ತಿ ತಲೆಕೆಳಗಾಗಿ ಹಿಡಿದಳು, ನಗು ಬರಲೆಂದು.
ದೋಣಿಯವರ ಬಾಕಿಯ ಪುಟ ಅದು,
ಮಾಜಾಳಿ ದಾಟಿ ಗೋವೆಯ ಐಸಿಗೆ ಹೋದವರದು.
ಅವಳ ಕೈಯಲ್ಲಿ ನಮ್ಮ ಆರು ಲಕ್ಷ
ಒಂಬತ್ತು ಲಕ್ಷವಾಗಿತ್ತು.
ಯಾರಿಗೂ ಹೇಳಲಿಲ್ಲ ನಾನು.

ಅವರ ಸಾಹೇಬ ಭಾಷಣ ಮಾಡಿದ:
ನಾವೆಲ್ಲ ಒಂದೇ ಕುಟುಂಬ, ಸ್ವಲ್ಪ ತಾಳಿ.
ನಮ್ಮ ಸಾಹೇಬರು ದೀಪದ ಸ್ಟ್ಯಾಂಡಿನ ಹಿಂದೆ
ಸದ್ದಿಲ್ಲದೆ ತುಟಿಯಾಡಿಸುತ್ತಿದ್ದರು,
ದೀಪಾವಳಿಗೆ ಅವರು ಹೇಳಿದ್ದೂ ಅದನ್ನೇ.
ನಟ ಅವರಿಗಿಂತ ಚೆನ್ನಾಗಿ ಹೇಳಿದ.
ನಮಗೆ ಕಣ್ಣಲ್ಲಿ ನೀರು.
ಕಟ್!
‘ಹಿಂದಿನವರು ಅಳಬಾರದು, ಇದು ಕಾಮಿಡಿ.’

‘ನಗುವವರು ಎಲ್ಲಿ?’ ಕೇಳಿದಳು ಫಿಲೋಮಿನಾ.
‘ನಗು ಆಮೇಲೆ ಹಾಕುತ್ತೇವೆ.’
‘ಹಾಂ, ನಮ್ಮ ಸಂಬಳವೂ ಆಮೇಲೆಯೇ ಹಾಕುವುದು.’
ಅದನ್ನು ಡೈರೆಕ್ಟರು ಬರೆದುಕೊಂಡರು.
ಫಿಲೋಮಿನಾಗೆ ಅದಕ್ಕೆ ದುಡ್ಡು ಕೊಡಲಿಲ್ಲ.

ಇನ್ನು ಪುತ್ತು ಹರಿಕಂತ್ರ.
ಚಹಾದ ತಟ್ಟೆ ಹಿಡಿದು ಬರಬೇಕು, ಜಾರಿ ಬೀಳಬೇಕು.
ಆಗುವುದಿಲ್ಲ ಎಂದ.
ಮೂವತ್ತೊಂದು ವರ್ಷ ಐಸಿನ ನೆಲದ ಮೇಲೆ
ಬರಿಗಾಲಲ್ಲಿ ನಡೆದಿದ್ದೇನೆ,
ಹೆಗಲ ಮೇಲೆ ಗಡ್ಡೆ ಹೊತ್ತು ನಡೆದಿದ್ದೇನೆ,
ಒಮ್ಮೆಯೂ ಬಿದ್ದವನಲ್ಲ,
ಬೇಕಾದರೆ ಬಂದರದಲ್ಲಿ ಯಾರನ್ನಾದರೂ ಕೇಳಿ.
ಐನೂರು ಹೆಚ್ಚಿಗೆ ಕೊಡುತ್ತೇವೆ ಎಂದರು.
ಸ್ವಲ್ಪ ಹೊತ್ತು ಕಿಟಕಿಯಾಚೆ ದೋಣಿಗಳನ್ನು ನೋಡಿದ.
ಬಿದ್ದ.
ಚೆನ್ನಾಗಿ ಬರಲಿಲ್ಲ, ಇನ್ನೊಮ್ಮೆ.
ಬಿದ್ದ.
ಏಳನೆಯದು ಓಕೆ ಆಯಿತು.
ಅಂದು ಸಂಜೆ ಮನೆಗೆ ಹೊರಟವನು
ಕಾಂಪೌಂಡಿನ ಗೋಡೆ ಹಿಡಿದುಕೊಂಡು ನಡೆದ,
ಒಣ ರಸ್ತೆಯಲ್ಲಿ.

ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು.
ಕೋಡಿಬಾಗದ ರೋಹಿದಾಸನ ಮನೆಯಲ್ಲಿ ಎಲ್ಲ ಸೇರುತ್ತಿದ್ದೆವು,
ಹುರಿದ ಬಂಗುಡೆ, ಒಂದೇ ಫ್ಯಾನು.
ನನ್ನ ಎಡಭುಜ ಎರಡು ಸಲ ಬಂತು.
ಪುತ್ತು ಬಿದ್ದಾಗ ಟೀವಿಯೊಳಗೆ
ನೂರಾರು ಜನ ನಕ್ಕರು,
ಅವನ ಮೊಮ್ಮಗಳೂ ನಕ್ಕಳು, ‘ಅಜ್ಜಾ, ಮತ್ತೆ!’
ಪುತ್ತು ಮಾತ್ರ ಮುಂದಕ್ಕೆ ಬಾಗಿ
ತಟ್ಟೆಯಲ್ಲಿ ಎಷ್ಟು ಲೋಟ ಒಡೆಯಿತೆಂದು ಎಣಿಸುತ್ತಿದ್ದ.

ಹನ್ನೆರಡನೆಯ ವಾರ ಅದೇ ಹೊತ್ತಿಗೆ
ಮಂಡಿನೋವಿನ ಎಣ್ಣೆಯ ಜಾಹೀರಾತು.
ಧಾರಾವಾಹಿಯವರ ದುಡ್ಡೂ ಮುಗಿದಿತ್ತಂತೆ.
ಕೊನೆಯ ಒಂಬತ್ತು ದಿನದ ಬಾಡಿಗೆ ಬರಲೇ ಇಲ್ಲ.
ಬಾಕಿಯ ಪುಟದಲ್ಲಿ, ದೋಣಿಯವರ ಕೆಳಗೆ,
ಅವರ ಹೆಸರನ್ನೂ ಬರೆದುಕೊಂಡೆ.
ಅವರ ಆಫೀಸಿನಲ್ಲೂ ಇರಬಹುದು
ನನ್ನಂಥ ಒಬ್ಬಳು,
ಕೊಡಬೇಕಾದ ಕಡೆ ನಮ್ಮ ಹೆಸರು ಬರೆದು
ಗೀಟು ಎಳೆದವಳು.

ಒಂದೂವರೆ ಗೋಡೆ ಇನ್ನೂ ನೀಲಿಯೇ ಇದೆ.
ಹೇಳದೆ ಕೇಳದೆ ನಮ್ಮ ಕುರ್ಚಿಗಳೆಲ್ಲ
ಸ್ವಲ್ಪ ಸ್ವಲ್ಪವೇ ಅತ್ತ ಸರಿದಿವೆ.
ನಾಲ್ಕಕ್ಕೆ ಪುತ್ತು ಚಹಾ ತರುತ್ತಾನೆ;
ಬಾಗಿಲಿಂದ ನನ್ನ ಮೇಜಿಗೆ ಆರೇ ಹೆಜ್ಜೆ,
ಅವನು ಹತ್ತು ಹಾಕುತ್ತಾನೆ,
ಆ ಜಾಗ ಬಳಸಿಕೊಂಡು.